ಎಲ್ಲ ಊರಿಗೂ ಕಳಿಸುವುದೋ, ಒಂದೇ ದಿಕ್ಕು ಹಿಡಿಯುವುದೋ?

ಪ್ರವಾಸ ಏಜೆನ್ಸಿ ನಡೆಸುವವರಿಂದ, ಶುರು ಮಾಡಬೇಕೆಂದಿರುವವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು: ಬಂದ ಕೆಲಸವನ್ನೆಲ್ಲ ಮಾಡಬೇಕೇ, ಇಲ್ಲ ಒಂದು ದೇಶವನ್ನೋ ಒಂದು ಬಗೆಯ ಪ್ರವಾಸವನ್ನೋ ಮಾತ್ರ ಹಿಡಿಯಬೇಕೇ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಲೆಕ್ಕಗಳಲ್ಲಿ ಬರುವ ಪ್ಯಾಕೇಜ್ ಬೆಲೆ, ಮಾರ್ಜಿನ್ ಎಲ್ಲ ಉದಾಹರಣೆಗೆ ಇಟ್ಟುಕೊಂಡವು. ಅಲ್ಲಿ ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ.

ಪ್ರಶ್ನೆ: ರಾಜಾಜಿನಗರದಲ್ಲಿ ಸಣ್ಣ ಆಫೀಸು. ನಾನು, ಜೊತೆಗೆ ಒಬ್ಬ ಹುಡುಗ. ವಿಮಾನ ಟಿಕೆಟ್, ಹೋಟೆಲ್, ಗೋವಾ, ದುಬೈ, ವರ್ಷಕ್ಕೆ ಕೆಲವು ಯೂರೋಪ್ ಫೈಲು (ಒಬ್ಬ ಗಿರಾಕಿಯ ಪೂರ್ತಿ ಪ್ರವಾಸದ ಕೆಲಸ), ಎಲ್ಲವನ್ನೂ ಮಾಡುತ್ತೇವೆ. ಬೆಳಗಿನಿಂದ ರಾತ್ರಿವರೆಗೆ ಫೋನಿಗೆ ಬಿಡುವಿಲ್ಲ, ತಿಂಗಳ ಕೊನೆಗೆ ಉಳಿಯುವುದು ಅಷ್ಟಕ್ಕಷ್ಟೆ. ಯೂರೋಪ್ ಒಂದನ್ನೇ ಹಿಡಿ ಅನ್ನುತ್ತಾರೆ ಸ್ನೇಹಿತರು. ಹಿಡಿಯಲೇ?

ಉತ್ತರ: ಸ್ನೇಹಿತರ ಮಾತಿಗಿಂತ ಮೊದಲು ನಿಮ್ಮ ಫೈಲುಗಳನ್ನು ನೋಡಿ. ಕಳೆದ ಎರಡು ವರ್ಷದ ಬುಕಿಂಗ್‌ಗಳನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ತನ್ನಿ. ಗಿರಾಕಿ ಯಾರ ಮೂಲಕ ಬಂದರು, ಏನು ಕೊಂಡರು, ಜಿಎಸ್‌ಟಿ ಮತ್ತು ಕಾರ್ಡ್ ಶುಲ್ಕ ಕಳೆದು ಕೈಗೆ ಉಳಿದದ್ದೆಷ್ಟು, ಒಟ್ಟು ಎಷ್ಟು ಗಂಟೆ ಹಿಡಿಯಿತು, ಇಷ್ಟನ್ನು ಬರೆಯಿರಿ. ಬಹಳಷ್ಟು ಆಫೀಸುಗಳಲ್ಲಿ ಗಂಟೆಯ ಕಾಲಮ್ಮೇ ಇರುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಹಳೆಯದು ನೆನಪಿಲ್ಲದಿದ್ದರೆ ವಾಟ್ಸಾಪ್ ಮಾತುಕತೆ ತೆಗೆದು ನೋಡಿ, ಅಂದಾಜು ಸಿಗುತ್ತದೆ. ಕೋಟೇಶನ್ ಕೊಟ್ಟು ಕೈತಪ್ಪಿದ ಗಿರಾಕಿಗಳನ್ನೂ ಬಿಡದೆ ಬರೆಯಿರಿ.

ಈಗ ಲೆಕ್ಕ. ದೇಶದೊಳಗಿನ ಒಂದು ವಿಮಾನ ಟಿಕೆಟ್ಟಿಗೆ 250 ರೂಪಾಯಿ ಸರ್ವಿಸ್ ಚಾರ್ಜ್, 20 ನಿಮಿಷದ ಕೆಲಸ ಎಂದಿಟ್ಟುಕೊಳ್ಳಿ. ಗಂಟೆಗೆ 750 ರೂಪಾಯಿ ಬಿತ್ತು, ಪರವಾಗಿಲ್ಲ ಅನಿಸುತ್ತದೆ. ಗಿರಾಕಿ ದಿನಾಂಕ ಬದಲಿಸಿ ಎಂದರೆ ಏರ್‌ಲೈನ್ ಹೆಲ್ಪ್‌ಲೈನು, ಫೇರ್ ವ್ಯತ್ಯಾಸ, ರಿಫಂಡ್ ಎಂದು ಇನ್ನೊಂದು ಗಂಟೆ ಹೋಗುತ್ತದೆ. ಆಗ ಅದೇ ಟಿಕೆಟ್ಟು ಗಂಟೆಗೆ 190 ರೂಪಾಯಿಯೂ ಗಿಟ್ಟುವುದಿಲ್ಲ.

ಇನ್ನು ಯೂರೋಪ್. ಗಂಡಹೆಂಡತಿಯ ನಾಲ್ಕೂವರೆ ಲಕ್ಷದ ಫೈಲಿನಲ್ಲಿ 45,000 ಉಳಿಯಿತು, 40 ಗಂಟೆ ಹಿಡಿಯಿತು. ಗಂಟೆಗೆ 1,125. ನಿಮ್ಮ ಸ್ನೇಹಿತರು ನೋಡುತ್ತಿರುವುದು ಈ ಅಂಕಿಯನ್ನು. ನಾಲ್ಕು ಜನ ವಿಚಾರಿಸಿದರೆ ಒಬ್ಬರು ಬುಕ್ ಮಾಡುತ್ತಾರೆ, ಉಳಿದ ಮೂವರ ಕೋಟೇಶನ್ನಿಗೆ ತಲಾ 8 ಗಂಟೆ ಹೋಗಿದೆ ಎಂದರೆ ಅಲ್ಲಿಗೆ ಒಟ್ಟು 64 ಗಂಟೆ, ಗಂಟೆಗೆ ಸುಮಾರು 700. ಅಂದರೆ ಗಲಾಟೆಯಿಲ್ಲದ ಒಂದು ಮಾಮೂಲಿ ಟಿಕೆಟ್ಟಿಗಿಂತಲೂ ಕಡಿಮೆ.

ಒಂದೇ ದಿಕ್ಕು ಹಿಡಿದವರಿಗೆ ಲಾಭವಾಗುವುದು ಇಲ್ಲಿಯೇ. ಮಾರ್ಜಿನ್ ಅದೇ 10 ಪರ್ಸೆಂಟ್ ಇರುತ್ತದೆ, ಗಂಟೆ ಉಳಿಯುತ್ತದೆ. ಹತ್ತು ಸಲ ಮಾಡಿದ ರೂಟಿಗೆ ಕೋಟೇಶನ್ 8 ಗಂಟೆಯ ಬದಲು 3 ಗಂಟೆಯಲ್ಲಿ ಮುಗಿಯುತ್ತದೆ, ಫೈಲಿನ ಕೆಲಸ 25 ಗಂಟೆಗೆ ಇಳಿಯುತ್ತದೆ. ಮಾತಿನಲ್ಲಿ ಖಚಿತತೆ ಇರುವುದರಿಂದ ಇಬ್ಬರಲ್ಲಿ ಒಬ್ಬರು ಬುಕ್ ಮಾಡುತ್ತಾರೆ. ಫೈಲಿನ 25, ಕೈತಪ್ಪಿದ ಇನ್ನೊಬ್ಬರ ಕೋಟೇಶನ್ನಿನ 3, ಒಟ್ಟು 28 ಗಂಟೆಗೆ 45,000ವನ್ನು ಭಾಗಿಸಿದರೆ ಗಂಟೆಗೆ 1,600 ದಾಟುತ್ತದೆ. ನಿಮ್ಮ ಶೀಟಿನಲ್ಲಿ ಯಾವ ಬಗೆಯ ಫೈಲಿಗೆ ಹೀಗೆ ಗಂಟೆ ಇಳಿಯುತ್ತಾ ಬಂದಿದೆಯೋ ಅದನ್ನು ಹಿಡಿಯಿರಿ. ಅದು ಯೂರೋಪೇ ಆಗಿರಬೇಕೆಂದಿಲ್ಲ. ವರ್ಷಕ್ಕೆ ಹನ್ನೆರಡು ಫೈಲಾದರೂ ಬರದ ಜಾಗದಲ್ಲಿ ಕೈ ಪಳಗುವುದಿಲ್ಲ, ಅಂಥದ್ದನ್ನು ಬೋರ್ಡಿನ ಮೇಲೆ ಬರೆಸಬೇಡಿ.

ಯೂರೋಪನ್ನೇ ಹಿಡಿಯುವುದಾದರೆ ಏನೇನು ಬಾಯಿಪಾಠ ಆಗಿರಬೇಕು ಎನ್ನುವುದಕ್ಕೆ ಒಂದು ಕುಟುಂಬವನ್ನು ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನಲ್ಲಿ 5 ರಾತ್ರಿ, ಪ್ಯಾರಿಸ್‌ನಲ್ಲಿ 3, ಇಟಲಿಯಲ್ಲಿ 3. ಈ ದೇಶಗಳಿಗೆಲ್ಲ ಸೇರಿ ಕೊಡುವ ಒಂದೇ ವೀಸಾ, ಅಂದರೆ ಷೆಂಗೆನ್ ವೀಸಾ, ಅದರ ಅರ್ಜಿ ಹೋಗಬೇಕಾದ್ದು ಹೆಚ್ಚು ರಾತ್ರಿ ತಂಗುವ ಸ್ವಿಟ್ಜರ್ಲೆಂಡಿಗೆ. ರಾತ್ರಿಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಸಿಗಲಿಲ್ಲವೆಂದು ಬೇರೆ ದೇಶದಲ್ಲಿ ಸುಮ್ಮನೆ ಹೆಚ್ಚು ರಾತ್ರಿ ತೋರಿಸಿ, ವೀಸಾ ಬಂದ ಮೇಲೆ ಹೋಟೆಲ್ ಬದಲಿಸುವವರಿದ್ದಾರೆ. ಗಡಿಯಲ್ಲಿ ಪ್ರಶ್ನೆ ಎದುರಾಗುವುದು, ಮುಂದಿನ ಅರ್ಜಿಗೆ ಕಷ್ಟವಾಗುವುದು ಗಿರಾಕಿಗೆ. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ವಾಪಸು ಹೊರಡುವ ದಿನದಿಂದ ಇನ್ನೂ 3 ತಿಂಗಳು ಅವಧಿ ಇರಬೇಕು, ಎರಡು ಖಾಲಿ ಪುಟ ಬೇಕು. ವಿಮೆ ಕನಿಷ್ಠ 30,000 ಯೂರೋ, ಪ್ರವಾಸದ ಎಲ್ಲ ದಿನಕ್ಕೂ. 2024ರ ಜೂನ್ 11ರಿಂದ ದೊಡ್ಡವರ ವೀಸಾ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲೇ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಮೇ 1ಕ್ಕೆ ಹೊರಡುವವರಿಗೆ ನವೆಂಬರ್ 1ರಿಂದಲೇ ಬಾಗಿಲು ತೆರೆದಿರುತ್ತದೆ. ಬೆಂಗಳೂರಿನ ಕುಟುಂಬಗಳು ಮಕ್ಕಳ ಪರೀಕ್ಷೆ ಹತ್ತಿರ ಬಂದಾಗ ವಿಚಾರಿಸಲು ಶುರು ಮಾಡುತ್ತವೆ, ಅಷ್ಟರಲ್ಲಿ ವೀಸಾ ಅಪಾಯಿಂಟ್‌ಮೆಂಟ್‌ಗಳೆಲ್ಲ ಮುಗಿದಿರುತ್ತವೆ. ದೀಪಾವಳಿ ಹೊತ್ತಿಗೇ ಹಳೆಯ ಗಿರಾಕಿಗಳಿಗೆ ಫೋನ್ ಮಾಡುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ಯುದ್ಧ ಗೆದ್ದಂತೆ.

ಒಂದು ಎಚ್ಚರಿಕೆ. ಯೂರೋಪ್ ಮಾತ್ರ ಎಂದು ಕೂತರೆ ಕುಟುಂಬಗಳ ವ್ಯಾಪಾರ ಏಪ್ರಿಲ್-ಮೇ, ಮತ್ತೆ ದಸರಾ ರಜೆ, ಅಷ್ಟೇ. ಬಾಡಿಗೆ, ಸಂಬಳ ಹನ್ನೆರಡು ತಿಂಗಳೂ ಇರುತ್ತವೆ. ಶಾಲೆಯ ಕ್ಯಾಲೆಂಡರಿಗೆ ಕಟ್ಟುಬೀಳದ ನಿವೃತ್ತರಿಗೆ ಸೆಪ್ಟೆಂಬರ್ ಯೂರೋಪ್ ಚೆನ್ನಾಗಿ ಒಪ್ಪುತ್ತದೆ, ಜನಸಂದಣಿಯೂ ಕಡಿಮೆ. ಹನಿಮೂನನ್ನು ನೆಚ್ಚಿಕೊಳ್ಳುವುದಾದರೆ ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಆ ಫೈಲುಗಳೂ ಇಲ್ಲ ಎಂಬುದು ಲೆಕ್ಕದಲ್ಲಿರಲಿ.

ಟಿಕೆಟ್ ಕೆಲಸವನ್ನು ಒಂದೇ ದಿನ ನಿಲ್ಲಿಸಬೇಡಿ. ಸರ್ವಿಸ್ ಚಾರ್ಜ್ ಏರಿಸಿ, ದಿನಾಂಕ ಬದಲಾವಣೆಗೂ ರದ್ದತಿಗೂ ಬೇರೆ ಚಾರ್ಜ್ ಬರೆದಿಡಿ. ಯಾರಿಗೆ ಬೇಡವೋ ಅವರು ತಾವೇ ಮೊಬೈಲಿನಲ್ಲಿ ಮಾಡಿಕೊಳ್ಳುತ್ತಾರೆ, ಬೇಕಾದವರು ಕೊಡುತ್ತಾರೆ. ಟಿಕೆಟ್ ಕೆಲಸವನ್ನು ಹುಡುಗನಿಗೆ ಪೂರ್ತಿ ಒಪ್ಪಿಸಿ, ನಿಮ್ಮ ಬೆಳಗಿನ ಎರಡು ಗಂಟೆಯನ್ನು ಹಿಡಿದ ದಿಕ್ಕಿಗೆ ಕೊಡಿ.

ಪ್ರಶ್ನೆ: ಕೆಲಸ ಬಿಟ್ಟಿದ್ದೇನೆ, ಜಯನಗರದ ಮನೆಯಿಂದಲೇ ಪ್ರವಾಸ ಸಲಹೆ ಕೊಡುವ ಕೆಲಸ ಶುರು ಮಾಡಬೇಕು. ಮೊದಲ ದಿನದಿಂದಲೇ ‘ಜಪಾನ್ ಮಾತ್ರ’ ಎಂದು ಹೇಳಿಕೊಳ್ಳಲೇ? ನನಗೆ ಜಪಾನ್ ಎಂದರೆ ಪ್ರಾಣ.

ಉತ್ತರ: ಇಷ್ಟ ಇರುವುದು ಒಳ್ಳೆಯದು, ಬಿಡಬೇಡಿ. ಆದರೆ ಮೊದಲ ವರ್ಷದ ಗಿರಾಕಿಗಳು ಬರುವುದು ಅಕ್ಕಪಕ್ಕದ ಮನೆ, ಹಳೆಯ ಸಹೋದ್ಯೋಗಿಗಳು, ನೆಂಟರಿಷ್ಟರಿಂದ. ಅವರಿಗೆ ಬೇಕಾದ್ದು ಕೊಡಗು, ಕೇರಳ, ಶ್ರೀಲಂಕಾ, ದುಬೈ. ಒಂದು ವರ್ಷ ಎಲ್ಲವನ್ನೂ ಮಾಡಿ, ಹಿಂದಿನ ಉತ್ತರದಲ್ಲಿ ಹೇಳಿದ ಶೀಟನ್ನು ಮೊದಲ ಫೈಲಿನಿಂದಲೇ ಇಡಿ. ಜಪಾನಿನ ಬಗ್ಗೆ ಮಾತ್ರ ವಾರಕ್ಕೊಂದು ಬರಹವನ್ನೋ ವಿಡಿಯೋವನ್ನೋ ಹಾಕುತ್ತಾ ಬನ್ನಿ. ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬಹುದು ಎಂಬ ಒಂದೇ ವಿಷಯಕ್ಕೆ ಬೆಂಗಳೂರಿನಲ್ಲಿ ಓದುಗರಿದ್ದಾರೆ: ಅಲ್ಲಿನ ದಾಶಿ ಎಂಬ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ, ತರಕಾರಿ ನೂಡಲ್ಸ್ ಎಂದು ಕೊಟ್ಟದ್ದೂ ಆ ಸಾರಿನಲ್ಲೇ ಬೆಂದಿರಬಹುದು. ಇಂಥ ವಿವರವನ್ನು ಮೊದಲೇ ಹೇಳುವವರನ್ನು ಗಿರಾಕಿ ಮರೆಯುವುದಿಲ್ಲ.

ಟಿಕೆಟ್ಟಿಗೆ ಅಯಾಟಾ (ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾನ್ಯತೆ ಬೇಕಿಲ್ಲ. ಏಜೆಂಟರಿಗಷ್ಟೇ ಮಾರುವ ಬಿ-ಟು-ಬಿ ಪೋರ್ಟಲ್‌ಗಳಲ್ಲಿ ಸಬ್ ಏಜೆಂಟ್ ಆಗಿ ಸೇರಿ, ವ್ಯಾಲೆಟ್ಟಿಗೆ ಹಣ ಹಾಕಿ ಬುಕ್ ಮಾಡಬಹುದು. ಹೊಸಬರು ಕೈಸುಟ್ಟುಕೊಳ್ಳುವುದು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ, ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಪ್ರವಾಸಿ ವೀಸಾದ ಮೇಲೆ ಹೋಗುವ ಒಂಟಿ ಹೆಸರಿನವರನ್ನು ಯುಎಇ 2022ರ ನವೆಂಬರಿನಿಂದ ಬಿಟ್ಟುಕೊಳ್ಳುತ್ತಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುತ್ತಾರೆ ಎಂದು ಆಮೇಲೆ ತಿಳಿಸಿದರು. ಆದ್ದರಿಂದ ದುಡ್ಡು ಮುಟ್ಟುವ ಮೊದಲು ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ ಎರಡರ ಫೋಟೋ ತರಿಸಿಕೊಳ್ಳಿ. ಆಧಾರ್ ನೋಡಿ ಅಂತರರಾಷ್ಟ್ರೀಯ ಟಿಕೆಟ್ ಮಾಡಲೇಬೇಡಿ. ಹೆಸರು ತಪ್ಪಿದರೆ ಎಷ್ಟೋ ಫೇರ್‌ಗಳಲ್ಲಿ ರದ್ದು ಮಾಡಿ ಹೊಸದು ಕೊಳ್ಳುವುದೊಂದೇ ದಾರಿ, ಆ ನಷ್ಟ ನಿಮ್ಮ ಕೈಯಿಂದ.

ಪ್ರಶ್ನೆ: ಹಲವು ವರ್ಷಗಳಿಂದ ಬಸವನಗುಡಿ, ಗಿರಿನಗರ ಕಡೆಯ ಹಿರಿಯರನ್ನು ಕಾಶಿ-ಪ್ರಯಾಗ-ಗಯಾ ಯಾತ್ರೆಗೆ ಗುಂಪಿನಲ್ಲಿ ಕರೆದೊಯ್ಯುತ್ತಿದ್ದೇನೆ. ಜನ ಬರುತ್ತಾರೆ, ಆದರೆ ದೊಡ್ಡ ಲಾಭವಿಲ್ಲ. ವಿದೇಶ ಗ್ರೂಪ್ ಟೂರ್ ಸೇರಿಸಿದರೆ ಹೇಗೆ?

ಉತ್ತರ: ಸೇರಿಸಬೇಡಿ. ನೀವು ಆಗಲೇ ಒಂದು ದಿಕ್ಕು ಹಿಡಿದವರು, ಅದು ಬಹಳ ಗಟ್ಟಿಯಾದ ದಿಕ್ಕು. ಹಿರಿಯರು ನಿಮ್ಮ ಜೊತೆ ಬರುವುದಕ್ಕೆ ಕಾರಣಗಳಿವೆ: ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ, ಗಯೆಯಲ್ಲಿ ಕನ್ನಡ ಬಲ್ಲ ಪುರೋಹಿತರು ಸಿಗುತ್ತಾರೆ, ರಾತ್ರಿ ಮೈ ಬಿಸಿಯಾದರೆ ನೋಡಿಕೊಳ್ಳುವವರಿದ್ದಾರೆ. ಈ ನಂಬಿಕೆಯನ್ನು ಯಾವ ಆ್ಯಪೂ ಕೊಡುವುದಿಲ್ಲ. ನಿಮ್ಮ ಕೊರತೆ ಲೆಕ್ಕದಲ್ಲಿದೆ, ಯಾತ್ರೆಯಲ್ಲಿಲ್ಲ.

ಪ್ರತಿ ಗುಂಪಿಗೂ ಖರ್ಚನ್ನು ಎರಡು ಭಾಗ ಮಾಡಿ. ಎಷ್ಟು ಜನ ಬಂದರೂ ತಪ್ಪದ್ದು: ಬಸ್ಸು, ಅಡುಗೆಯವರು, ನಿಮ್ಮ ಮತ್ತು ಸಹಾಯಕರ ಟಿಕೆಟ್ಟು, ಕೋಣೆ. ಅದು 1,80,000 ಎಂದಿರಲಿ. ತಲೆಗೊಂದರಂತೆ ಬರುವುದು: ಟಿಕೆಟ್ಟು, ವಸತಿ, ದಿನಸಿ, ದೋಣಿ. ಅದು 22,000. ನೀವು ತೆಗೆದುಕೊಳ್ಳುವುದು 30,000. ಒಬ್ಬೊಬ್ಬರಿಂದ ಉಳಿಯುವುದು 8,000. 1,80,000ವನ್ನು 8,000ದಿಂದ ಭಾಗಿಸಿದರೆ 22.5, ಅಂದರೆ 23ನೆಯ ಯಾತ್ರಿ ದುಡ್ಡು ಕಟ್ಟುವವರೆಗೆ ನಿಮ್ಮ ಕೈಗೆ ಒಂದು ಪೈಸೆಯೂ ಇಲ್ಲ. 20 ಜನಕ್ಕೇ ಹೊರಟರೆ 20,000 ನಷ್ಟ, 30 ಜನರಾದರೆ 60,000 ಲಾಭ. ಇಡೀ ವ್ಯಾಪಾರ ನಿಂತಿರುವುದು ಆ ಕೊನೆಯ ಏಳು ಸೀಟುಗಳ ಮೇಲೆ. ಅವು ತುಂಬದೇ ಹೋಗುವುದು ಪ್ರಚಾರ ತಡವಾಗುವುದರಿಂದ. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹಿರಿಯರಿಗೆ ಕೆಳಗಿನ ಬರ್ತ್ ಬೇಕೇಬೇಕು, ಹಾಗಾಗಿ ಬುಕಿಂಗ್ ತೆರೆಯುವ ದಿನ ಹೆಸರು, ವಯಸ್ಸಿನ ಪಟ್ಟಿ ಸಿದ್ಧವಿರಬೇಕು. ಪ್ರಯಾಣಕ್ಕೆ 75 ದಿನ ಮೊದಲು ಮುಂಗಡ ಹಣ ಕಟ್ಟಲು ಕೊನೆಯ ದಿನ ಎಂದು ನಿಗದಿ ಮಾಡಿ, ಆ ದಿನ 23 ಹೆಸರಿಲ್ಲದಿದ್ದರೆ ಗುಂಪನ್ನು ಮುಂದಿನ ತಿಂಗಳಿಗೆ ತಳ್ಳಿ. ತತ್ಕಾಲ್ ನಂಬಬೇಡಿ: 2025ರ ಜುಲೈ 1ರಿಂದ ತತ್ಕಾಲ್ ತೆರೆಯುವ ಮೊದಲ ಅರ್ಧ ಗಂಟೆ ಏಜೆಂಟರಿಗೆ ಬುಕಿಂಗ್ ಇಲ್ಲ.

ಬೆಳೆಯಬೇಕೆಂದರೆ ಅದೇ ಜನಕ್ಕೆ ಇನ್ನೊಂದು ಊರು ತೋರಿಸಿ. ಕಾಶಿ ಮಾಡಿದವರು ಗಂಗೆಯೊಡನೆ ರಾಮೇಶ್ವರಕ್ಕೆ ಹೋಗಬೇಕೆಂಬ ಸಂಪ್ರದಾಯ ನಮ್ಮಲ್ಲಿ ಇದೆ, ಅದಕ್ಕೆ ಜಾಹೀರಾತೇ ಬೇಡ. ಗಯೆಗೆ ಮಹಾಲಯ ಪಕ್ಷದಲ್ಲಿ ವಿಪರೀತ ನೂಕುನುಗ್ಗಲು. ಕೋಣೆ ಬೇಗ ಹಿಡಿಯಿರಿ, ಇಲ್ಲವೇ ಮಂಡಿ ನೋವಿನವರನ್ನು ಬೇರೆ ತಿಂಗಳಿಗೆ ಒಪ್ಪಿಸಿ. ಪಶುಪತಿನಾಥಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ನೇಪಾಳಕ್ಕೆ ಹೋಗುವ 65 ವರ್ಷದೊಳಗಿನ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ಸಾಲದು. ಚಾರ್‌ಧಾಮ್ ಮಾತ್ರ ಯೋಚಿಸಿ ಮಾಡಿ. ಕೇದಾರನಾಥ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಹೃದಯ, ಉಸಿರಾಟದ ತೊಂದರೆ ಇರುವವರಿಗೆ ವೈದ್ಯರ ಚೀಟಿ ಇಲ್ಲದೆ ಸೀಟು ಕೊಡಬೇಡಿ. ಬೇಸರವಾದರೂ ಸರಿ, ಈ ವಿಷಯದಲ್ಲಿ ಯಾರಿಗೂ ದಾಕ್ಷಿಣ್ಯ ಬೇಡ.

ಪ್ರಶ್ನೆ: ಕೀನ್ಯಾ ಸಫಾರಿ ಮಾತ್ರ ಮಾಡುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಹಳೆಯ ಗಿರಾಕಿಗಳು ಇನ್ನೂ ತಿರುಪತಿ ಕಾರು, ಮುಂಬೈ ಟಿಕೆಟ್ ಕೇಳುತ್ತಾರೆ. ಇಲ್ಲ ಅನ್ನುವುದು ಹೇಗೆ?

ಉತ್ತರ: ಹಳಬರಿಗೆ ಇಲ್ಲ ಅನ್ನಬೇಡಿ. ‘ಸರ್, ಈಗ ಸಫಾರಿ ಮಾತ್ರ ನಾನೇ ನೋಡೋದು. ಇದನ್ನ ನನಗೆ ಗೊತ್ತಿರೋ ಒಬ್ಬರು ಚೆನ್ನಾಗಿ ಮಾಡ್ತಾರೆ, ಅವರಿಗೆ ಹೇಳ್ತೀನಿ’ ಎಂದು ಹೇಳಿ ಆಗಲೇ ಫೋನ್ ಜೋಡಿಸಿ. ಆ ಸ್ನೇಹಿತ ಏಜೆಂಟರು ತಮ್ಮ ಬಳಿ ಬಂದ ಆಫ್ರಿಕಾ ಗಿರಾಕಿಯನ್ನು ನಿಮ್ಮತ್ತ ಕಳಿಸುವಂತೆ ಮೊದಲೇ ಮಾತಾಡಿಕೊಂಡಿರಿ. ಬೋರ್ಡಿನಲ್ಲಿ ‘ಟ್ರಾವೆಲ್ಸ್’ ಎಂದಿದ್ದರೆ ತೆಗೆಸಿ. ಬೆಂಗಳೂರಿನಲ್ಲಿ ಆ ಮಾತು ಕಂಡರೆ ಟೆಂಪೊ ಟ್ರಾವೆಲರ್ ಬಾಡಿಗೆಗೇ ಫೋನು ಬರುತ್ತಿರುತ್ತದೆ.

ಸಫಾರಿಯಲ್ಲಿ ಎಡವುವುದು ದಿನಾಂಕದಲ್ಲಿ. ಕೀನ್ಯಾದ ಮಸಾಯಿ ಮಾರಾ ವನ್ಯಧಾಮದ ಪ್ರವೇಶ ಶುಲ್ಕ ವಿದೇಶಿ ದೊಡ್ಡವರಿಗೆ 2024ರ ಪರಿಷ್ಕರಣೆಯಂತೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಜೂನ್ ದರದಲ್ಲಿ ಕೋಟ್ ಕೊಟ್ಟು ಪ್ರವಾಸ ಜುಲೈಗೆ ಸರಿದರೆ, ನಾಲ್ವರಿಗೆ ಮೂರು ದಿನಕ್ಕೆ 1,200 ಡಾಲರ್ ನಿಮ್ಮ ಜೇಬಿನಿಂದ. ಹಳದಿ ಜ್ವರದ ಲಸಿಕೆ ಹೊರಡುವ ಕನಿಷ್ಠ 10 ದಿನ ಮೊದಲು ಆಗಿರಬೇಕು; ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ವಾಪಸಾದರೆ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು.

ಪ್ರಶ್ನೆ: ವಿದೇಶ ಪ್ಯಾಕೇಜ್‌ಗಳನ್ನೇ ಹಿಡಿದರೆ ತೆರಿಗೆ ತಲೆನೋವು ಹೆಚ್ಚೇ?

ಉತ್ತರ: ಹೆಚ್ಚು, ಆದರೆ ಕೋಟೇಶನ್ ಸರಿಯಾಗಿ ಬರೆದರೆ ನಿಭಾಯಿಸಬಹುದು. ಟೂರ್ ಆಪರೇಟರ್ ಆಗಿ ಬಿಲ್ ಮಾಡಿದರೆ ಜಿಎಸ್‌ಟಿ 5 ಪರ್ಸೆಂಟ್, ಅದೂ ಪೂರ್ತಿ ಬಿಲ್ಲಿನ ಮೇಲೆ. 90,000 ಖರ್ಚಿನ ಪ್ಯಾಕೇಜನ್ನು 1,00,000ಕ್ಕೆ ಮಾರಿ, ಜಿಎಸ್‌ಟಿ ಸೇರಿಸಲು ಮರೆತರೆ ನಿಮ್ಮ 10,000ದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು. ಹೋಟೆಲಿನವರು ಹಾಕಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ಕೊಂಡಾಗ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳುವುದು) ಇಲ್ಲ; ಇನ್ನೊಬ್ಬ ಟೂರ್ ಆಪರೇಟರಿಂದ ಕೊಂಡ ಸೇವೆಗೆ ಮಾತ್ರ ಸಿಗುತ್ತದೆ. ಬರೀ ವಿಮಾನ ಟಿಕೆಟ್ಟಿಗೆ ಬೇರೆ ಲೆಕ್ಕವಿದೆ: ಬೇಸಿಕ್ ಫೇರಿನ 5 ಪರ್ಸೆಂಟ್, ಅಂತರರಾಷ್ಟ್ರೀಯವಾದರೆ 10 ಪರ್ಸೆಂಟ್ ನಿಮ್ಮ ಸೇವೆಯ ಮೌಲ್ಯ ಎಂದು ಹಿಡಿದು, ಅದರ ಮೇಲೆ 18 ಪರ್ಸೆಂಟ್ ಕಟ್ಟುವ ಆಯ್ಕೆ. 40,000 ಬೇಸಿಕ್ ಫೇರಿನ ವಿದೇಶ ಟಿಕೆಟ್ಟಿಗೆ 720 ರೂಪಾಯಿ.

ಟಿಸಿಎಸ್, ಅಂದರೆ ವಿದೇಶ ಪ್ಯಾಕೇಜಿನ ಹಣ ತೆಗೆದುಕೊಳ್ಳುವಾಗಲೇ ಗಿರಾಕಿಯಿಂದ ಸಂಗ್ರಹಿಸುವ ಆದಾಯ ತೆರಿಗೆ, 2020ರ ಅಕ್ಟೋಬರಿನಿಂದ ಇದೆ. ವಿದೇಶಕ್ಕೆ ಟಿಕೆಟ್ಟು, ಹೋಟೆಲು, ಇತರ ಖರ್ಚು, ಈ ಮೂರರಲ್ಲಿ ಎರಡಾದರೂ ಸೇರಿದ್ದರೆ ಅದು ಪ್ಯಾಕೇಜ್. ಬರೀ ಟಿಕೆಟ್ಟೋ ಬರೀ ಹೋಟೆಲೋ ಆದರೆ ಅಲ್ಲ. ದರ ಮತ್ತು ಮಿತಿ ಬಜೆಟ್‌ಗಳಲ್ಲಿ ಮತ್ತೆ ಮತ್ತೆ ಬದಲಾಗಿವೆ, ಹಾಗಾಗಿ ಕೋಟೇಶನ್ನಿನಲ್ಲಿ ‘ಹಣ ಪಾವತಿಸುವ ದಿನ ಜಾರಿಯಲ್ಲಿರುವ ಟಿಸಿಎಸ್ ದರ ಅನ್ವಯ’ ಎಂದೇ ಬರೆಯಿರಿ, ಡಾಲರ್ ದರಕ್ಕೂ ಇಂಥದೇ ಸಾಲು ಇರಲಿ. ಟಿಸಿಎಸ್ ಸಂಗ್ರಹಿಸಲು ನಿಮಗೆ ಟ್ಯಾನ್ ನಂಬರು (ತೆರಿಗೆ ಸಂಗ್ರಹಿಸುವವರಿಗೆ ಆದಾಯ ತೆರಿಗೆ ಇಲಾಖೆ ಕೊಡುವ ಸಂಖ್ಯೆ) ಬೇಕು, ಗಿರಾಕಿಯ ಪ್ಯಾನ್ ಬೇಕು. ಅದು ಅವರ ಲೆಕ್ಕಕ್ಕೇ ಜಮೆಯಾಗಿ ಐಟಿ ರಿಟರ್ನ್‌ನಲ್ಲಿ ಹೊಂದಿಕೆಯಾಗುತ್ತದೆ ಎಂದು ಮೊದಲೇ ವಿವರಿಸಿ. ಎಷ್ಟೋ ಜನ ಅದನ್ನು ನಿಮ್ಮ ಲಾಭ ಎಂದುಕೊಂಡು ಜಗಳಕ್ಕೆ ನಿಲ್ಲುತ್ತಾರೆ. ಒಂದು ಪ್ರವಾಸಕ್ಕೆ ಒಬ್ಬರಿಂದ ನಗದಾಗಿ 2 ಲಕ್ಷ ಅಥವಾ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಕಂತಿನಲ್ಲಿ ಕೊಟ್ಟರೂ ಅಷ್ಟೇ.

ಪ್ರಶ್ನೆ: ಒಂದು ದೇಶದ ಸ್ಪೆಷಲಿಸ್ಟ್ ಎಂಬ ಸರ್ಟಿಫಿಕೇಟಿಗೆ ಬೆಲೆ ಇದೆಯೇ?

ಉತ್ತರ: ಆಸ್ಟ್ರೇಲಿಯಾದ ಆಸ್ಸಿ ಸ್ಪೆಷಲಿಸ್ಟ್‌ನಂತೆ ಪ್ರವಾಸೋದ್ಯಮ ಮಂಡಳಿಗಳೇ ಏಜೆಂಟರಿಗೆ ಆನ್‌ಲೈನಿನಲ್ಲಿ ಉಚಿತವಾಗಿ ನಡೆಸುವ ತರಬೇತಿಗಳಿವೆ, ಸ್ವಿಟ್ಜರ್ಲೆಂಡಿನದೂ ಇದೆ. ಮಾಡಿ. ಗಿರಾಕಿ ಗೋಡೆಯ ಮೇಲಿನ ಸರ್ಟಿಫಿಕೇಟ್ ನೋಡಿ ಬರುವುದಿಲ್ಲ, ಆದರೆ ಊರುಗಳ ನಡುವಿನ ದೂರ, ಋತು, ರೈಲ್ ಪಾಸುಗಳ ವಿವರ ಒಂದೇ ಕಡೆ ಸಿಗುತ್ತದೆ. ಸಾವಿರಾರು ರೂಪಾಯಿ ಕೇಳುವ ಖಾಸಗಿ ಕೋರ್ಸಿಗೆ ಸೇರುವ ಮೊದಲು, ಆ ದುಡ್ಡಿನಲ್ಲಿ ನೀವು ಮಾರುವ ಜಾಗಕ್ಕೇ ಹೋಗಿಬರಲು ಆಗುತ್ತದೆಯೇ ನೋಡಿ. ಹೋದಾಗ ದಿನಕ್ಕೆ ಮೂರು ಹೋಟೆಲಿನ ಕೋಣೆ ನೋಡಿ, ಲಿಫ್ಟ್ ಇದೆಯೇ, ಸ್ಟೇಷನ್ನಿನಿಂದ ಸೂಟ್‌ಕೇಸ್ ಎಳೆದುಕೊಂಡು ಎಷ್ಟು ನಿಮಿಷ, ಹತ್ತಿರದಲ್ಲಿ ಸಸ್ಯಾಹಾರಿ ಊಟ ಎಲ್ಲಿ ಎಂದು ಬರೆದುಕೊಳ್ಳಿ.